ಅಗಸಿಯಲ್ಲಿ ಬಾರಿಸಿದ ಗಂಟೆ

ಇನ್ನೂ ಮಬ್ಬುಗತ್ತಲು. ಕೌಜಲಗಿಯ ಊರಬಾಗಿಲು, ಆ ಅಗಸಿಯ ಮುಂದೆ ಪರಪ್ಪ ಸೈಕಲ್‌ನಿಂದ ಇಳಿದು ಅದರ ಗಂಟೆ ಬಾರಿಸುತ್ತಾರೆ. ಸ್ವಲ್ಪ ತಡೆದು ಮತ್ತೊಮ್ಮೆ ಬಾರಿಸುತ್ತಾರೆ. ಆಮೇಲೆ ಊರೊಳಗೆ ಹೋಗುವುದು ಬಿಟ್ಟು, ಕಟ್ಟೆಯ ಮೇಲೆ ಕೂತು ನಿಧಾನಕ್ಕೆ ಎಲೆಗೆ ಸುಣ್ಣ ಹಚ್ಚುತ್ತಾರೆ. ಸರಕಾರದ ಮನುಷ್ಯನಿಗೆ ಇಷ್ಟು ಪುರಸೊತ್ತೇ ಎಂದು ಯಾರಾದರೂ ಅಂದುಕೊಂಡರೆ ತಪ್ಪಿಲ್ಲ.

ಪರಪ್ಪ ಗೋಕಾಕದ ತಾಲೂಕು ಕಚೇರಿಯಲ್ಲಿ ಅವಲ್ ಕಾರಕೂನರು, ಅಂದರೆ ಹಿರಿಯ ಗುಮಾಸ್ತರು. ಎಮ್ಮೆಗೆ, ಬಾವಿಗೆ ಸರಕಾರ ಕೊಟ್ಟ ತಗಾವಿ ಸಾಲದ ವಸೂಲಿಯೆಲ್ಲ ಇವರದೇ ಉಸ್ತುವಾರಿ. ಯಾವ ಊರಿಗೆ ಯಾವ ಶಿಪಾಯಿ ಹೋಗಬೇಕು, ಯಾರಿಗೆ ಇನ್ನೊಂದು ಸುಗ್ಗಿಯ ತನಕ ವಾಯಿದೆ, ಯಾರ ಮನೆಯ ಸಾಮಾನು ಜಪ್ತಿ, ಎಲ್ಲ ಇವರು ಹೇಳಿದ ಹಾಗೆ. ಸೀಮೆ ಮುಂಬೈ ಸರಕಾರದ ಕೈಯಿಂದ ಮೈಸೂರಿನ ಕೈಗೆ ಬಂತು. ಪರಪ್ಪನ ಸೈಕಲ್ಲೂ ಕರಿ ಟೊಪ್ಪಿಗೆಯೂ ಬದಲಾಗಲಿಲ್ಲ.

ಹಿಂದಿನವರು ಹಲಗೆ ಬಾರಿಸಿಕೊಂಡು ನುಗ್ಗುತ್ತಿದ್ದರು. ಓಣಿಯೆಲ್ಲ ನೋಡುತ್ತಿರುವಾಗ ಕೊಡ, ಹಂಡೆ ಹೊರಗೆ ಬರುತ್ತಿದ್ದವು. ಪರಪ್ಪ ಹಲಗೆ ನಿಲ್ಲಿಸಿ ಗಂಟೆ ಹಿಡಿದರು. “ಗಂಟಿ ಕೇಳಿದ್ರ ಮಂದಿ ಬಾಜೂ ಮನ್ಯಾಗ ಕೈಗಡ ಕೇಳ್ತಾರ್ರಿ. ಇಲ್ಲಂದ್ರ ತಾವ ಸಾಮಾನ ಹೊಸ್ತಿಲಕ್ಕ ತಂದ ಇಡ್ತಾರ. ನಾವು ಒಳಗ ಹೋಗೂದು ತಪ್ಪತೈತಿ. ನಾ ಎಲಿ ಹಾಕೂದ್ರಾಗ ಅವರ ಮರ್ಯಾದಿ ಉಳೀತೈತಿ” ಎನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದ ಹಿಡಿದ ಗಂಟೆಯೇ ಮುಂದೆ ಅವರಿಗೆ ಮುಳುವಾಯಿತು.

ಎಮ್ಮೆ ಸಾಲ ಪಡೆದಿದ್ದ ಇಲ್ಲಿನ ಶಿವವ್ವ ಕಂತು ತಪ್ಪಿಸಿದವಳಲ್ಲ. ಹೋದಾಗಲೆಲ್ಲ ಮಜ್ಜಿಗೆ ಕೊಟ್ಟವಳು. ಸಾಲ ಪೂರ್ತಿ ತೀರಿಸಿಯೂ ಆಗಿತ್ತು. ತಮ್ಮ ಮಗಳು ಸುಂದ್ರವ್ವನ ಮದುವೆ ಗೊತ್ತಾದಾಗ ಪರಪ್ಪ ಹಟ ಹಿಡಿದರು: “ನನ್ನ ಜನ್ಮ ಈ ಹಳ್ಳ್ಯಾಗ ಹೋತು. ಕೌಜಲಗಿ ಮಂದಿ ನಮ್ಮನ್ಯಾಗ ಒಂದ ತುತ್ತ ಉಣ್ಣಬೇಕು.” ಹೊಸ ಧೋತರ ಉಟ್ಟು, ಅಕ್ಷತೆ ಕಟ್ಟಿಕೊಂಡು ಬಂದರು. ಅಗಸಿ ಕಂಡದ್ದೇ ತಡ, ಹೆಬ್ಬೆರಳು ತನ್ನಷ್ಟಕ್ಕೆ ಗಂಟೆ ಒತ್ತಿತು. ಚಟ ನೋಡಿ, ಕಟ್ಟೆಯ ಮೇಲೆ ಕೂತು ಎಲೆಯನ್ನೂ ಹಾಕಿಕೊಂಡರು ಪುಣ್ಯಾತ್ಮರು.

ಒಳಗೆ ಹೋದರೆ ಅರ್ಧ ಓಣಿ ಬಾಗಿಲು ಹಾಕಿತ್ತು. ಶಿವವ್ವನ ಹೊಸ್ತಿಲ ಮೇಲೆ ತಾಮ್ರದ ಕೊಡ. ಅವಳು ಬಾಗಿಲ ಮರೆಯಲ್ಲಿ ತಲೆ ತಗ್ಗಿಸಿ ನಿಂತಿದ್ದಳು.

“ಇನ್ನೂ ಏನ ಬಾಕಿ ಉಳದೈತ್ರಿ ಯಪ್ಪಾ? ಇದನ್ನ ತಗೊಂಡ ಹೋಗ್ರಿ.”

“ಬಾಕಿ ಅಲ್ಲವ್ವಾ. ಮಗಳ ಮದುವಿ ಐತಿ, ಹೇಳಾಕ ಬಂದೇನಿ.”

ಅಕ್ಷತೆ ಇಸಿದುಕೊಂಡು ಶಿವವ್ವ ಅತ್ತುಬಿಟ್ಟಳು. “ಮತ್ತ ಗಂಟಿ ಯಾಕ ಬಾರಿಸಿದ್ರಿ?”

ಮದುವೆಗೆ ಆ ಊರಿನಿಂದ ಬಂದವಳು ಶಿವವ್ವ ಒಬ್ಬಳೇ. ಅಕ್ಷತೆ ಹಾಕಿ, ಊಟಕ್ಕೆ ನಿಲ್ಲದೆ ಹೋದಳು. ಉಳಿದವರು, ವಸೂಲಿಯವರ ಮನೆಯಲ್ಲಿ ಕೂತರೆ ತುತ್ತು ಗಂಟಲಲ್ಲಿ ಇಳಿದೀತೇ ಅಂದರಂತೆ. ಕೌಜಲಗಿಯವರಿಗೆಂದು ಹಾಕಿಸಿದ್ದ ಊಟದ ಎಲೆಗಳನ್ನು ಪರಪ್ಪ ತಾವೇ ಎತ್ತಿದರು. ಆ ನೋವು ಅವರಿಗಿನ್ನೂ ಹೋಗಿಲ್ಲ.

ಕಟ್ಟೆಯ ಮೇಲೆ ಎಲೆ ಹಾಕಿ ಮುಗಿದಿದೆ. ಓಣಿಯಲ್ಲಿ ಆಗಲೇ ಪಾತ್ರೆಗಳ ಸಪ್ಪಳ. ಬರುವ ಯುಗಾದಿಗೆ ಪರಪ್ಪನಿಗೆ ಪೆನ್ಶನ್. ಏನು ಆಸೆ ಉಳಿದಿದೆ ಎಂದು ಕೇಳಿದರೆ ಸೈಕಲ್ ಎತ್ತಿ ನಿಲ್ಲಿಸುತ್ತ ಹೇಳುತ್ತಾರೆ:

“ಕಚೇರಿ ಬಿಟ್ಟ ಮರುದಿನ ಈ ಗಂಟಿ ಬಿಚ್ಚಿ ಇಡ್ತೇನ್ರಿ. ಆಮ್ಯಾಲ ಶಿವವ್ವನ ಮನಿಗೆ ಸಪ್ಪಳ ಇಲ್ಲದಂಗ ಹೋಗಬೇಕು. ಕೊಡ ಹೊರಗ ಇಡೂಕಿಂತ ಮೊದಲ ಆಕಿ ನನ್ನ ಮಾರಿ ನೋಡಬೇಕು.”