ಅಳಿಯ ಕಟ್ಟಿದ ಗಾಳಿಚಕ್ರ

ಗಾಳಿಚಕ್ರಕ್ಕೂ ಒಂದು ಬಾಲ ಇರಬೇಕೆಂಬುದು ನಿಮಗೆ ಗೊತ್ತಿತ್ತೋ ಇಲ್ಲವೋ, ನನಗಂತೂ ಗೊತ್ತಿರಲಿಲ್ಲ. ನಮ್ಮ ತಾರಸಿಯ ಮೇಲಿರುವ ಚಕ್ರದ ಬಾಲವೆಂದರೆ ಸೀಮೆಎಣ್ಣೆ ಡಬ್ಬಿಯೊಂದನ್ನು ಕತ್ತರಿಸಿ, ಬಡಿದು, ಚಪ್ಪಟೆ ಮಾಡಿದ ತಗಡು. ಇಷ್ಟು ವರ್ಷ ಲಾಟೀನಿಗೆ ಎಣ್ಣೆ ಹೊತ್ತು ತಂದ ಡಬ್ಬಿಯೇ ಕೊನೆಗೆ ಲಾಟೀನನ್ನು ಮೂಲೆಗೆ ಕೂರಿಸುವ ಕೆಲಸಕ್ಕೆ ನಿಂತದ್ದನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ.

ಜಯನಗರದ ಈ ಹೊಸ ಬಡಾವಣೆಗೆ ನಾವು ಬಂದಾಗ ನಮ್ಮ ರಸ್ತೆಗೆ ಇನ್ನೂ ಹೆಸರಿರಲಿಲ್ಲ. ವಿದ್ಯುತ್ ಕಂಬಗಳ ಸಾಲು ನಮ್ಮ ಮನೆಗಿಂತ ಬಹಳ ಹಿಂದೆಯೇ ದಣಿದು ನಿಂತುಬಿಟ್ಟಿತ್ತು. ಪಶ್ಚಿಮಕ್ಕೆ, ಬನಶಂಕರಿಯ ಕಡೆಗೆ, ರಾಗಿ ಹೊಲ, ಬಂಡೆ, ಮತ್ತೆ ಹೊಲ. ಗಾಳಿಗೆ ಅಡ್ಡವಾಗಿ ಒಂದು ಗೋಡೆಯೂ ಇಲ್ಲ. ನಾನು ದಿನಚರಿ ಬರೆಯುವವಳು. ನಲ್ಲಿಯಲ್ಲಿ ನೀರು ಬಂದದ್ದು ಯಾವಾಗ, ಬಸ್ಸು ತಪ್ಪಿದ್ದು ಯಾವಾಗ, ಗಾಳಿ ಬೀಸಿದ್ದು ಯಾವ ಕಡೆಯಿಂದ ಎಂದು ಗೀಟು ಹಾಕಿ ಲೆಕ್ಕ ಇಡುವುದು ನನ್ನ ಚಟ. “ನಾನು ಎಷ್ಟು ಸಲ ಸೀನಿದೆ ಅಂತಾನೂ ಬರ್ಕೊಂಡ್ಯೇನೇ, ಪದ್ಮಾ?” ಎಂದು ಅಕ್ಕ ಸರೋಜ ರೇಗಿಸುತ್ತಿದ್ದಳು.

ಅಕ್ಕನ ಮದುವೆ ವೈಶಾಖದಲ್ಲಿ ಆಯಿತು. ಭಾವ ಒಂದು ಕಾರ್ಖಾನೆಯಲ್ಲಿ ಮೆಕ್ಯಾನಿಕ್, ಮನೆ ಬಸವನಗುಡಿಯಲ್ಲಿ. ಅಲ್ಲಿ ಗುಂಡಿ ಒತ್ತಿದರೆ ದೀಪ. ಆಷಾಢಕ್ಕೆ ಹೊಸ ಮದುಮಗಳು ತವರಿಗೆ ಬರಬೇಕಷ್ಟೆ? ಆ ಒಂದು ತಿಂಗಳು ಹೆಂಡತಿ ಲಾಟೀನಿನ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ಓದಬಾರದೆಂದು ಭಾವ ಜ್ಯೇಷ್ಠದಲ್ಲೇ ನಮ್ಮ ತಾರಸಿ ಹತ್ತಿದರು. ಗುಜರಿಯಿಂದ ತಂದ ಕಾರಿನ ಡೈನಮೋ, ತೇಗದ ಹಲಗೆಯಿಂದ ತಾವೇ ಕೆತ್ತಿದ ರೆಕ್ಕೆಗಳು, ಅವನ್ನು ಎತ್ತಿ ಹಿಡಿಯಲು ನೀರಿನ ಪೈಪು, ಪೈಪನ್ನು ಸುತ್ತಲಿಂದ ಬಿಗಿದ ತಂತಿಗಳು. ಕೆಳಗೆ ಒಂದು ಹಳೆಯ ಬ್ಯಾಟರಿ, ನಡುಮನೆಯಲ್ಲಿ ಒಂದೇ ಒಂದು ಪುಟ್ಟ ಬಲ್ಬು. ಅದು ಮೊದಲ ಸಲ ಹೊತ್ತಿಕೊಂಡ ಸಂಜೆ, ಭಾವನ ಜೊತೆಗೆ ಬಂದಿದ್ದ ಅಕ್ಕ ಬಲ್ಬನ್ನು ನೋಡಲಿಲ್ಲ, ಭಾವನ ಗ್ರೀಸು ಮೆತ್ತಿದ ಕೈಗಳನ್ನೇ ನೋಡುತ್ತಿದ್ದಳು.

ಅಮ್ಮನಿಗೆ ಮಾತ್ರ ಸಮಾಧಾನವಿಲ್ಲ. “ನಾನು ಹಪ್ಪಳ ಎಲ್ಲಿ ಒಣಗಿಸ್ಲಿ?” ಎಂದು ಶುರುವಾದ ತಕರಾರು ಕೊನೆಗೆ ತೀರ್ಪಾಗಿ ನಿಂತಿತು. “ಆಷಾಢದ ಗಾಳಿಗೆ ತಡ್ಕೊಂಡ್ರೆ ಇರಲಿ. ಇಲ್ದಿದ್ರೆ ಎಲ್ಲಿಂದ ಬಂತೋ ಅಲ್ಲಿಗೇ, ಗುಜರಿಗೆ.” ಅಳಿಯನ ಎದುರಿಗೆ ಹೇಳಿದ ಮಾತಲ್ಲ, ಆದರೆ ನಮ್ಮ ಮನೆಯ ಗೋಡೆಗಳು ತೆಳು. ಭಾವ ಸ್ಪ್ಯಾನರನ್ನು ಬಹಳ ಹೊತ್ತು ಒರೆಸುತ್ತ ಕುಳಿತಿದ್ದರು. ಹೆಂಡತಿಯ ಮನೆಗೆಂದು ಅವರು ಕೈಯಾರೆ ಮಾಡಿದ ಮೊದಲ ವಸ್ತು ಅದು.

ಬಾಲದ ಗುಟ್ಟನ್ನು ನನಗೆ ಹೇಳಿಕೊಟ್ಟವರು ಅವರೇ. ಚಕ್ರ ಗಾಳಿಗೆ ಮುಖಾಮುಖಿಯಾಗಿ ನಿಲ್ಲುವಂತೆ ನೋಡಿಕೊಳ್ಳುವುದು ಬಾಲ; ಗಾಳಿ ಅತಿಯಾದಾಗ ಹಗ್ಗ ಎಳೆದರೆ ಅದೇ ಬಾಲ ಮಡಚಿಕೊಂಡು ಚಕ್ರವನ್ನು ಪಕ್ಕಕ್ಕೆ ತಿರುಗಿಸುತ್ತದೆ, ಗಾಳಿ ಸುಮ್ಮನೆ ಹಾದುಹೋಗುತ್ತದೆ. ಗಟ್ಟಿತನವೆಂದರೆ ಎದೆ ಕೊಟ್ಟು ನಿಲ್ಲುವುದು ಎಂದುಕೊಂಡಿದ್ದ ನನಗೆ ಇದು ಹೇಡಿತನದಂತೆ ಕಂಡಿತು. ಹಾಗೆಂದೇ ಕೇಳಿದೆ. “ನಿಮ್ಮಕ್ಕಂಗೆ ಕೋಪ ಬಂದಾಗ ನಾನೇನ್ ಮಾಡ್ತೀನಿ ಗೊತ್ತಾ?” ಎಂದರು ಭಾವ. “ಪಕ್ಕಕ್ಕೆ ತಿರುಗ್ತೀನಿ. ಇಬ್ರೂ ಉಳ್ಕೋತೀವಿ.”

ಇಷ್ಟೆಲ್ಲ ಯೋಚಿಸಿದವರು ಒಂದನ್ನು ಮರೆತಿದ್ದರು. ಆಷಾಢದಲ್ಲಿ ಗಾಳಿ ಜೋರು ಎಂಬುದು ಎಲ್ಲರಿಗೂ ಗೊತ್ತು. ಆಷಾಢದಲ್ಲಿ ಹೊಸ ಅಳಿಯ ಅತ್ತೆಯ ಮನೆಯ ಹೊಸ್ತಿಲು ದಾಟಬಾರದೆಂಬುದೂ ಎಲ್ಲರಿಗೂ ಗೊತ್ತು. ಈ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡುವುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ, ಲೆಕ್ಕದವಳೆಂದು ಹೆಸರಾದ ನನಗೂ ಸಹ. ಚಕ್ರಕ್ಕೆ ಅದರ ಯಜಮಾನ ಬೇಕಾಗುವ ತಿಂಗಳೇ ಯಜಮಾನನಿಗೆ ಬಾಗಿಲು ಮುಚ್ಚಿರುತ್ತಿತ್ತು.

ಆಷಾಢದ ನಡುವಿನ ಒಂದು ಸಂಜೆ, ಅಪ್ಪ ಕಚೇರಿ ಕೆಲಸದ ಮೇಲೆ ಹಾಸನಕ್ಕೆ ಹೋಗಿದ್ದಾಗ, ಗಾಳಿ ಎದ್ದಿತು. ದಿನವೂ ಜೇನಿನಂತೆ ಗುಂಯ್ಗುಡುತ್ತಿದ್ದ ಚಕ್ರ ಕೂಗತೊಡಗಿತು, ಕೂಗು ಕಿರುಚಾಟವಾಯಿತು, ಬಿಗಿದ ತಂತಿಗಳ ನಡುಕ ಕೆಳಗೆ ನಡುಮನೆಯ ಗೋಡೆಗೂ ಇಳಿಯಿತು. ನಾನು ತಾರಸಿಗೆ ಓಡಿ ನೋಡಿದರೆ, ಬಾಲದ ಹಗ್ಗ ಕೊಕ್ಕೆಯಿಂದ ಕಳಚಿಕೊಂಡು, ನಮ್ಮ ಕೈಗೆ ನಿಲುಕದಷ್ಟು ಮೇಲೆ ಪೈಪಿಗೆ ಸುತ್ತಿಕೊಂಡು ಪಟಪಟನೆ ಬಡಿಯುತ್ತಿತ್ತು. ಪೈಪು ಮುರಿದರೆ ಬೀಳುವುದು ಪಕ್ಕದ ಮನೆಯ ಹೆಂಚಿನ ಮೇಲೆ.

ಅಷ್ಟರಲ್ಲಿ ಬಂದೇಬಿಟ್ಟ ಭಾವನಿಗೆ ಯಾರು ಹೇಳಿ ಕಳುಹಿಸಿದರೋ ಎನ್ನುವಿರಿ. ಯಾರೂ ಇಲ್ಲ. ಗಾಳಿಯೇ ಹೇಳಿತ್ತು. ಅಡ್ಡಗಾಳಿಯಲ್ಲಿ ಬಸವನಗುಡಿಯಿಂದ ಸೈಕಲ್ ತುಳಿದು ಬಂದವರು ಅದನ್ನು ರಸ್ತೆಯಲ್ಲೇ ಕೆಡವಿ, ಬಾಗಿಲವರೆಗೆ ಓಡಿಬಂದು, ಹೊಸ್ತಿಲ ಮುಂದೆ ಹೊಡೆದ ಮೊಳೆಯಂತೆ ನಿಂತರು. ತಾರಸಿಗೆ ದಾರಿ ಮನೆಯೊಳಗಿನಿಂದಲೇ. ಒಳಗೆ ಅಮ್ಮ. “ಅತ್ತೆ, ಒಂದೇ ನಿಮಿಷ...” ಅಮ್ಮ ಬನ್ನಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅದನ್ನು ಬರೀ ಹಟವೆಂದು ತಿಳಿಯಬೇಡಿ. ಅಳಿಯ ಹೊಸ್ತಿಲು ತುಳಿದರೆ ಮಗಳ ಬಾಳಿಗೆ ಕೇಡು ಎಂದು ಅವಳ ತಾಯಿ ಅವಳಿಗೆ ಹೇಳಿದ್ದಳು. ಅದು ಸುಳ್ಳೆಂದು ಪರೀಕ್ಷಿಸಿ ನೋಡಲು ಅವಳ ಕೈಯಲ್ಲಿದ್ದುದು ಸ್ವಂತ ಮಗಳ ಬಾಳೇ.

“ನೀವು ಬರ್ಬೇಡಿ,” ಎಂದಳು ಅಕ್ಕ, ಸೆರಗು ಸಿಕ್ಕಿಸುತ್ತ. “ನಾನು ಹತ್ತೀನಿ. ನೀವು ರಸ್ತೇಲಿ ನಿಂತು ಹೇಳಿ.”

ಆಗ ಅಮ್ಮ ಅಡುಗೆಮನೆಗೆ ಓಡಿದಳು. ತಂದದ್ದು ಅವಳ ಮಡಿಕೋಲು: ಮಡಿಬಟ್ಟೆಗಳನ್ನು ಎತ್ತರದ ಗಳದ ಮೇಲೆ ಹರವುವ, ತುದಿ ಕವಲೊಡೆದ, ಸ್ನಾನವಿಲ್ಲದೆ ನಾವು ಯಾರೂ ಮುಟ್ಟಬಾರದ ಕೋಲು. “ತೊಗೋ, ಹೋಗು. ನೋಡ್ತಾ ನಿಲ್ಬೇಡ.”

ತಾರಸಿಯ ಮೇಲೆ ನಾನು ಅಕ್ಕನ ಸೊಂಟ ಹಿಡಿದು ಕೂತೆ. ಕೆಳಗೆ ರಸ್ತೆಯಲ್ಲಿ ಭಾವ. ಹೊರಗೇ ನಿಂತಿದ್ದರಿಂದ, ಹಗ್ಗದ ಮೇಲೇ ಕಣ್ಣಿಟ್ಟಿದ್ದ ನಮಗೆ ಕಾಣದ್ದು ಅವರಿಗೆ ಕಾಣುತ್ತಿತ್ತು: ಬನಶಂಕರಿ ಕಡೆಯ ಹೊಲಗಳ ಮೇಲೆ ಎದ್ದು ಬರುವ ಒಂದೊಂದು ಕೆಂಪು ಧೂಳಿನ ಅಲೆ.

“ಬಂತು, ಬಂತು! ಕೂತ್ಕೋ ಸರೋಜಾ!”

ಕೂತೆವು. ಗಾಳಿ ನಮ್ಮ ತಲೆಯ ಮೇಲೆ ಹಾದುಹೋಯಿತು.

“ಈಗ ಏಳು! ಎಡಕ್ಕೆ! ರೆಕ್ಕೆ ಹತ್ರ ಹೋಗ್ಬೇಡ!”

“ರೀ, ನನ್ನ ಎಡಾನೋ ನಿಮ್ಮ ಎಡಾನೋ?”

ತಾಯಿಯ ಎದುರಿಗೆ ಗಂಡನೊಂದಿಗೆ ಪಿಸುಗುಡಲೂ ನಾಚುತ್ತಿದ್ದ ನನ್ನ ಅಕ್ಕ, ಇಡೀ ಬೀದಿಗೆ ಕೇಳುವಂತೆ ಕೂಗಿದ್ದು ಅದೇ ಮೊದಲು. ಎದುರುಮನೆಯವರು ಕಿಟಕಿ ತೆರೆದರು.

“ನಿನ್ನ ಎಡ, ಮಾರಾಯ್ತಿ! ಯಾವತ್ತೂ ನಿನ್ನದೇ!”

ಕೋಲು ತಪ್ಪಿತು, ಮತ್ತೆ ತಪ್ಪಿತು, ಕೊನೆಗೆ ಕವಲಿಗೆ ಹಗ್ಗ ಸಿಕ್ಕಿತು. ಎಳೆಯಲು ಹೋದವಳನ್ನು ಭಾವ ತಡೆದರು. “ಬೇಡ, ಈಗ ಬೇಡ! ಗಾಳಿ ಉಸಿರು ತೊಗೊಳ್ಲಿ.” ಕೈಗೆ ಬಂದ ಹಗ್ಗವನ್ನು ಎಳೆಯದೆ ಹಿಡಿದು ಕಾಯುವುದು ಎಷ್ಟು ಕಷ್ಟವೆಂದು ನನಗೆ ಆ ಹೊತ್ತು ತಿಳಿಯಿತು. ಅಕ್ಕನ ಸೊಂಟ ನನ್ನ ಕೈಯಲ್ಲಿ ತಂತಿಯಂತೆ ಬಿಗಿದಿತ್ತು. ಅವಳು ಚಕ್ರವನ್ನು ನೋಡುತ್ತಿರಲಿಲ್ಲ; ರಸ್ತೆಯನ್ನು ನೋಡುತ್ತಿದ್ದಳು.

“ಎಳಿ!”

ಬಾಲ ಮಡಚಿತು. ಚಕ್ರ ಮೆಲ್ಲನೆ ಪಕ್ಕಕ್ಕೆ ಹೊರಳಿತು. ಕಿರುಚಾಟ ಕೂಗಾಗಿ, ಕೂಗು ಗುಂಯ್ಕಾರವಾಗಿ, ಕಡೆಗೆ ಏನೂ ಇಲ್ಲವಾಯಿತು. ಮುಂದಿನ ಧೂಳಿನ ಅಲೆ ಬಂದು, ಚಕ್ರವನ್ನು ಗುರುತಿಸದವರಂತೆ ದಾಟಿಹೋಯಿತು.

“ಕೈಗೇನಾದ್ರೂ ಆಯ್ತಾ, ಸರೋಜಾ?”

“ಇಲ್ಲಾ ರೀ. ನಿಮ್ಮ ಬಾಲ ಗಟ್ಟಿಯಾಗಿದೆ!”

ಎದುರುಮನೆಯವರು ಗೊಳ್ಳೆಂದು ನಕ್ಕರು. ಅಕ್ಕ ಹಗ್ಗವನ್ನು ಕೊಕ್ಕೆಗೆ ಬಿಗಿದು, ತಾರಸಿಯ ನೆಲದ ಮೇಲೆ ಕುಸಿದು, ಮುಖ ಮುಚ್ಚಿಕೊಂಡು ನಗುತ್ತ ಅತ್ತಳು.

ನಾವು ಕೆಳಗಿಳಿದಾಗ ಅಮ್ಮ ಹೊಸ್ತಿಲ ಮೇಲೆಯೇ ಇದ್ದಳು. ಭಾವ ಗೇಟಿನ ಆಚೆ ಸೈಕಲ್ಲಿನ ಬಾಗಿದ ಹ್ಯಾಂಡಲ್ ತಿರುಗಿಸುತ್ತ ತೀರ್ಪಿಗೆ ಕಾಯುತ್ತಿದ್ದರು. ಅಮ್ಮ ಅವರನ್ನು ನೋಡದೆ, ತಾರಸಿಯನ್ನು ನೋಡುತ್ತ ಹೇಳಿದಳು: “ಆ ಹಗ್ಗ ಇನ್ನೂ ಉದ್ದ ಮಾಡಿ. ಗೇಟಿನ ತನಕ ಬರ್ಲಿ. ಗಾಳಿ ಬಂದಾಗೆಲ್ಲ ನನ್ನ ಮಗಳು ಮೇಲೆ ಹತ್ತೋಕಾಗಲ್ಲ. ನೀವೇ ಹೊರಗಡೆಯಿಂದ ಎಳ್ಕೊಳ್ಳಿ.”

ಭಾವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. “ಗಾಳಿ ಹೇಳಿ ಕೇಳಿ ಬರಲ್ಲ, ಅತ್ತೆ. ದಿನಾ ಬಂದು ನೋಡ್ಬೇಕಾಗುತ್ತೆ.”

“ಬನ್ನಿ. ಶಾಸ್ತ್ರ ಇರೋದು ಹೊಸ್ತಿಲಿಗೆ. ಗೇಟಿಗಲ್ಲ.”

ಮರುದಿನ ಸಂಜೆ ಒಂದು ಎಲೆಯೂ ಅಲುಗಲಿಲ್ಲ. ಭಾವ ಹೊಸ ಹಗ್ಗದ ತುದಿ ಹಿಡಿದು ಗೇಟಿನ ಆಚೆ ನಿಂತು, ಸ್ತಬ್ಧವಾಗಿದ್ದ ಚಕ್ರವನ್ನು ಬಹಳ ಗಂಭೀರವಾಗಿ ನೋಡುತ್ತಿದ್ದರು. ಅಕ್ಕ ಕಾಫಿ ಲೋಟ ಹಿಡಿದು ಈಚೆ ನಿಂತಿದ್ದಳು.

“ಗಾಳಿ ಬರ್ಬಹುದಾ, ರೀ?”

“ಬರೋ ಹಾಗೇ ಇದೆ,” ಎಂದರು ಭಾವ. “ಇನ್ನೂ ಸ್ವಲ್ಪ ಹೊತ್ತು ನೋಡೋಣ.”