ಹೊಳೆ ದಾಟಿ ಬಂದ ಕುದುರೆಗಳು

ಮೀನುಬುಟ್ಟಿ ಹೊತ್ತು ಹೊತ್ತು ಪಕ್ಕದ ಮನೆಯ ದೊಡ್ಡಮ್ಮನ ನೆತ್ತಿಯ ಮೇಲೆ ಅಂಗೈಯಗಲ ಜಾಗದಲ್ಲಿ ಕೂದಲೇ ಉಳಿದಿರಲಿಲ್ಲ. ಅಲ್ಲಿ ಬಟ್ಟೆಯ ಸಿಂಬಿ ಇಟ್ಟು, ಬುಟ್ಟಿ ಏರಿಸಿ, ಎರಡೂ ಕೈ ಬೀಸಿಕೊಂಡು ನಡೆಯುತ್ತಿದ್ದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಹೊಳೆಯ ನಡುವಿನ ದ್ವೀಪ ಮಾವಿನಕುರ್ವೆಯಲ್ಲಿ ಸಣ್ಣ ಹಂಚಿನ ಮನೆ, ಹಿತ್ತಿಲಲ್ಲಿ ತೆಂಗು, ಖಾಲಿ ಬಿದ್ದ ಕೊಟ್ಟಿಗೆ. ದಿನಾ ದೋಣಿಯಲ್ಲಿ ಹೊಳೆ ದಾಟಿ ಹೊನ್ನಾವರದ ಪೇಟೆಯಲ್ಲಿ ಮೀನು ಮಾರಿ ಬರುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಿರಾಲಿಯಿಂದ ಆ ಕುರ್ವೆಗೆ ಸೊಸೆಯಾಗಿ ಹೋದೆ.

ಪೇಟೆಯ ದಾರಿಯಲ್ಲಿ ಮದುವೆ ಮೆರವಣಿಗೆಗೆ ಕುದುರೆ ಕೊಡುವ ಮುದುಕರೊಬ್ಬರಿದ್ದರು. ಅವರಲ್ಲಿದ್ದದ್ದು ಒಂದು ಬಿಳಿ ಹೆಣ್ಣು ಕುದುರೆ ಮತ್ತು ಅದರ ಕಂದು ಮರಿ. ಕಣ್ಣು ಮಂಜಾಗಿ ಮುದುಕರು ಮಗಳ ಊರಿಗೆ ಹೊರಟಾಗ ಕುದುರೆಗಳು ಯಾರಿಗೂ ಬೇಡವಾದವು. ದೊಡ್ಡಮ್ಮ ತಾನು ಸಾಕುತ್ತೇನೆ ಎಂದರು.

ಕೇಳಿದವರೆಲ್ಲ ನಕ್ಕರು. ನನ್ನ ಅತ್ತೆಯೂ ಬೇಲಿಯ ಈಚೆಯಿಂದ, "ಆಕಳಾದ್ರೆ ಹಾಲು ಕೊಡ್ತದೆ. ಕುದುರೆ ಎಂತ ಕೊಡ್ತದೆ?" ಎಂದರು.

"ಎಂತ ಕೊಡೂಕೂ ಬೇಡ. ನೋಡೂಕೆ ಚಂದ ಅದೆ, ಸಾಕು," ಎಂದರು ದೊಡ್ಡಮ್ಮ.

ಕುದುರೆ ತರುವ ದಿನ ನನ್ನನ್ನೂ ಕರೆದೊಯ್ದರು. ಏನು ಮಾಡಿದರೂ ಬಿಳಿ ಕುದುರೆ ದೋಣಿ ಹತ್ತಲಿಲ್ಲ. ಕೊನೆಗೆ ದೊಡ್ಡಮ್ಮ ದೋಣಿಯ ಹಿಂದುಗಡೆ ಕೂತು ಹಗ್ಗ ಹಿಡಿದರು. ಕುದುರೆ ನೀರಿಗಿಳಿದು ಈಜತೊಡಗಿತು, ಮರಿ ಅದರ ಹಿಂದೆ. ನಡುಹೊಳೆಯಲ್ಲಿ ಸೆಳೆತ ಹೆಚ್ಚಿತು. ಹಗ್ಗ ಬಿಗಿದು ಕುದುರೆಯ ಮೂಗು ನೀರೊಳಗೆ ಹೋಯಿತು. ಮೇಲೆ ಬಂದು ಮತ್ತೆ ಮುಳುಗಿತು.

"ಬಿಡಬೇಡ ಅಕ್ಕ, ಕೊಚ್ಚಿಕಂಡು ಹೋತದೆ," ಎಂದು ದೋಣಿಯವ ಕೂಗಿದ.

ದೊಡ್ಡಮ್ಮ ಹಗ್ಗ ಬಿಟ್ಟುಬಿಟ್ಟರು. "ಹಿಡದ್ರೆ ಮುಳಗ್ತದೆ," ಎಂದರು.

ಒಂದು ಗಳಿಗೆ ಹೊಳೆಯ ಮೇಲೆ ಏನೂ ಕಾಣಲಿಲ್ಲ. ಆಮೇಲೆ ಆ ಬಿಳಿ ತಲೆ ಎದ್ದಿತು. ಮೂಗಿನ ಹೊಳ್ಳೆ ಅರಳಿಸಿ, ಬುಸುಗುಟ್ಟುತ್ತ, ನಮ್ಮ ದೋಣಿಯನ್ನೂ ಹಿಂದೆ ಹಾಕಿ ಅದು ಕುರ್ವೆಯ ಕಡೆ ನುಗ್ಗಿತು, ಮರಿಯೂ ಅದರ ಬೆನ್ನಿಗೇ. ದಡ ಹತ್ತಿ ಮೈ ಕೊಡವಿದಾಗ ಬೆಳಗಿನ ಬಿಸಿಲಿನಲ್ಲಿ ಅದರ ಸುತ್ತ ನೀರು ಹೊಗೆಯಂತೆ ಎದ್ದಿತು. ಬಲೆ ನೇಯುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು. ಯಾರೂ ನಗಲಿಲ್ಲ. ನನಗೆ ಯಾಕೋ ಕೈ ಮುಗಿಯಬೇಕೆನಿಸಿತು.

ಅಂದಿನಿಂದ ದೊಡ್ಡಮ್ಮ ಪೇಟೆಯಿಂದ ಬಂದವರೇ ಮೊದಲು ಸ್ನಾನ ಮಾಡುತ್ತಿದ್ದರು. ಮೀನಿನ ವಾಸನೆ ಕುದುರೆಗೆ ಆಗದು ಎಂದು ಅವರ ನಂಬಿಕೆ. ಆಮೇಲೆ ಹುರುಳಿ ಬೇಯಿಸಿ ಇಟ್ಟು, ಕೊಟ್ಟಿಗೆಯ ಮೆಟ್ಟಿಲ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದರು. ನಾನು ಹೋದರೆ, "ಬಾ ತಂಗಿ, ಕೂತ್ಕ" ಎಂದು ಪಕ್ಕಕ್ಕೆ ಸರಿಯುತ್ತಿದ್ದರು. ಅದಕ್ಕಿಂತ ಹೆಚ್ಚು ಮಾತಿರುತ್ತಿರಲಿಲ್ಲ. ನನಗೋ ಅಷ್ಟು ದೊಡ್ಡ ಪ್ರಾಣಿಯನ್ನು ಮುಟ್ಟಲು ಭಯ.

ಕೆಲವು ವರ್ಷಗಳ ಮೇಲೆ ಒಂದು ಮಳೆಗಾಲದಲ್ಲಿ ಬಿಳಿ ಕುದುರೆ ಮಲಗಿದ್ದು ಏಳಲಿಲ್ಲ. ದೊಡ್ಡಮ್ಮ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಹಿಂದೆ ನಕ್ಕಿದ್ದ ಗಂಡಸರೇ ಕರೆಯದೆ ಗುದ್ದಲಿ ಹಿಡಿದು ಬಂದು, ತೆಂಗಿನ ಬುಡದಲ್ಲಿ ಗುಂಡಿ ತೋಡಿದರು.

ದೊಡ್ಡಮ್ಮ ತೀರಿಕೊಂಡದ್ದು ಅದರ ಮುಂದಿನ ವರ್ಷ. ಜ್ವರದಲ್ಲಿ ಮಲಗಿದ್ದಾಗ ನಾನಾಗಿಯೇ, "ಕಂದು ಕುದ್ರೆ ನಾ ನೋಡ್ಕಂತೆ" ಎಂದೆ.

"ಆತು," ಎಂದರು. ಅಷ್ಟೇ.

ಅವರನ್ನು ಸುಟ್ಟು ಬಂದ ಮರುದಿನ ಬೆಳಿಗ್ಗೆ ಹುರುಳಿ ತೆಗೆದುಕೊಂಡು ಕೊಟ್ಟಿಗೆಗೆ ಹೋದೆ. ಕುದುರೆ ತಿನ್ನತೊಡಗಿದ ಮೇಲೆ ಧೈರ್ಯ ಮಾಡಿ ಕತ್ತಿನ ಮೇಲೆ ಕೈಯಿಟ್ಟೆ. ಬೆಚ್ಚಗಿನ ಚರ್ಮದ ಕೆಳಗೆ ಏನೋ ಜೋರಾಗಿ ಹರಿಯುತ್ತಿತ್ತು. ಮನೆಯಿಂದ ಅತ್ತೆ ಕರೆದರು. ಒಲೆ ಉರಿಸಬೇಕಿತ್ತು, ನೀರು ತರಬೇಕಿತ್ತು. "ಬಂದೆ" ಎಂದೆ. ಕೈ ತೆಗೆಯಲಾಗದೆ ಹೊತ್ತೇರುವವರೆಗೂ ಅಲ್ಲೇ ನೋಡುತ್ತ ನಿಂತಿದ್ದೆ.