ನೂಲಿನ ಕಟ್ಟಿನ ಚೆಲುವೆ

ಅವ್ವನ ಹಳೆಯ ಟ್ರಂಕಿನ ತಳದಲ್ಲಿ ಕುಪ್ಪಸದ ಒಂದು ಖಣ ಸಿಕ್ಕಿತು. ಮಡಿಕೆ ಬಿಚ್ಚಿದರೆ ಗಂಜಿಯ ಹುಳಿವಾಸನೆ, ಒಳಗೆ ಅಂಗೈಯಗಲದ ಬಣ್ಣದ ಚೀಟಿ. ಮೂಲೆಗೆ ಜಿರಲೆ ಬಾಯಿ ಹಾಕಿದೆ. ಚೀಟಿಯ ಮೇಲಿನ ಹೆಂಗಸು ಮಾತ್ರ ಹಾಗೇ ಇದ್ದಾಳೆ. ಇವತ್ತು ಸಂಜೆ ನಮ್ಮಕ್ಕ ನೀಲವ್ವ ಊಟಕ್ಕೆ ಬರುವವಳು. ತೋರಿಸಲೋ ಬೇಡವೋ ಎಂದು ಟ್ರಂಕಿನ ಮುಂದೆಯೇ ಕೂತುಬಿಟ್ಟೆ.

ನಿಮಗೆ ಗೊತ್ತಿರಲಿಕ್ಕಿಲ್ಲ. ಈ ಇಪ್ಪತ್ತನೇ ಶತಮಾನ ಶುರುವಾದ ಹೊಸತರಲ್ಲಿ ನಮ್ಮೂರು ಗುಳೇದಗುಡ್ಡಕ್ಕೆ ಬರುತ್ತಿದ್ದ ವಿಲಾಯತಿ ನೂಲಿನ ಕಟ್ಟಿಗೆ ಒಂದೊಂದು ಚಿತ್ರದ ಚೀಟಿ ಅಂಟಿಸಿರುತ್ತಿದ್ದರು. ಆನೆ, ಹುಲಿ, ದೇವರು. ಅಪ್ಪನ ಮಗ್ಗ ಪಡಸಾಲೆಯಲ್ಲೇ ಇದ್ದುದರಿಂದ ಚೀಟಿಗಾಗಿ ನಾವು ಅಲ್ಲೇ ಕಿತ್ತಾಡುತ್ತಿದ್ದೆವು. ಹುಲಿ ನನ್ನ ಪಾಲಿಗೆ ಬಂದಿತ್ತು, ಆಮೇಲೆ ಎಲ್ಲೋ ಕಳೆದುಹೋಯಿತು. ಒಂದು ಸಲ ಈಕೆ ಬಂದಳು: ಕೈಯಲ್ಲಿ ಹೂವು, ಬಿಳಿ ಕೊರಳು, ಮುಷ್ಟಿಯಲ್ಲಿ ಹಿಡಿಯಬಹುದಾದ ನಡು. ಈಗ ನೋಡಿದರೆ ನಡು ಅಷ್ಟೇನೂ ಸಣ್ಣದಿಲ್ಲ. ಇಷ್ಟು ವರ್ಷ ನೆನಪಿನಲ್ಲಿ ನಾನೇ ಅದನ್ನು ಬಿಗಿಯುತ್ತ ಬಂದಿರಬೇಕು.

ನೀಲವ್ವ ಅದನ್ನು ತಾನು ನೂಲು ಸುತ್ತುವ ರಾಟಿಯ ಎದುರಿನ ಗೋಡೆಗೆ ಅಂಟಿಸಿದಳು. ಆಕೆಗೆ ಹದಿನಾರೋ ಹದಿನೇಳೋ. "ನಮ್ಮ ನೀಲಿ ತುಂಬಿದ ಕೊಡ ಇದ್ದಂಗ" ಎಂದು ಸೋದರತ್ತೆ ಪ್ರೀತಿಯಿಂದಲೇ ಹೇಳುತ್ತಿದ್ದಳು. ಅಕ್ಕ ಮುಖ ಸಿಂಡರಿಸಿ ಗೋಡೆಯ ಕಡೆ ನೋಡುತ್ತಿದ್ದಳು. ಶ್ರಾವಣ ಸೋಮವಾರಕ್ಕೆ ಎಲ್ಲರಂತೆ ಉಪವಾಸ ಹಿಡಿದಳು. ಶ್ರಾವಣ ಮುಗಿಯಿತು, ಉಪವಾಸ ಮುಗಿಯಲಿಲ್ಲ. ಶುಕ್ರವಾರ ಸೇರಿತು, ಅಮಾವಾಸ್ಯೆ ಸೇರಿತು, ಯಾವ ದೇವರಿಗೂ ಬೇಡವಾದ ಬುಧವಾರವೂ ಸೇರಿತು.

"ಏನ್ ಭಕ್ತಿ ಅಂತೇನವ್ವಾ!" ಎಂದಳು ಪಕ್ಕದ ಮನೆಯಾಕೆ. "ನನ್ನ ಮಗಳ ನೋಡು, ರೊಟ್ಟಿ ಬಡಿಯೂದ್ರಾಗ ನಾಕು ನುಂಗಿರ್ತಾಳ."

ವ್ರತ ಹಿಡಿದವಳಿಗೆ ಉಣ್ಣು ಎನ್ನುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಆಕೆಯ ಪಾಲಿನ ರೊಟ್ಟಿ ತಿಂದು ನಾನು ಉಬ್ಬಿದೆ. ಎದೆಯ ಮೇಲೆ ಗಂಟು ಹಾಕುವ ಖಣದ ಕುಪ್ಪಸ ನಮ್ಮದು. ಅಕ್ಕನ ಗಂಟಿನ ತುದಿಗಳು ದಿನದಿನಕ್ಕೆ ಉದ್ದವಾದವು. ಅವ್ವ ಅದನ್ನು ನೋಡಿ ಕುಪ್ಪಸ ಹೊಲಿದ ಸಿಂಪಿಗನನ್ನು ಬೈದಳು: "ಮುಪ್ಪಾಗ್ಯಾನ, ಅಳತಿ ತಪ್ಪಾಕತ್ತಾನ."

ಒಂದು ಮಧ್ಯಾಹ್ನ ರಾಟಿಯ ಸದ್ದು ನಿಂತಿತು. ಅಕ್ಕ ನೂಲಿನ ಮೇಲೆ ಬೋರಲು ಬಿದ್ದಿದ್ದಳು. ಅವ್ವ ಓಡಿಬಂದು ಒಬ್ಬಳೇ ಎತ್ತಿದಳು. ಅಷ್ಟು ಸುಲಭಕ್ಕೆ ಎತ್ತಲಿಕ್ಕೆ ಬಂದದ್ದಕ್ಕೇ ಹೆದರಿದಳು. "ಕೈಯಾಗ ಭಾರನ ಇಲ್ಲಲ್ಲೋ ಯಪ್ಪಾ!"

ಹಾಲು ತಂದರೆ ಅಕ್ಕ ಮುಖ ತಿರುಗಿಸಿದಳು. "ವ್ರತ ಐತಿ."

ಹಿಡಿದ ವ್ರತವನ್ನು ದೇವರ ಮುಂದೆಯೇ ಬಿಡಿಸಬೇಕು. ಮರುದಿನ ಗಾಡಿ ಕಟ್ಟಿ ಮಹಾಕೂಟಕ್ಕೆ ಹೋದೆವು. ಪೂಜಾರಿ ತೀರ್ಥದ ತಂಬಿಗೆ ಹಿಡಿದು ನಿಂತ.

"ಏನ್ ಬೇಡ್ಕೊಂಡಿದ್ದಿ ತಂಗಿ? ಅದನ್ನ ಹೇಳಿದ್ರ ಬಿಡಸಾಕ ಬರ್ತೈತಿ."

ಅಕ್ಕ ಕುಪ್ಪಸದ ಗಂಟು ಬಿಗಿದುಕೊಂಡಳು. "ದೇವ್ರಿಗೆ ಏನೂ ಬೇಡಿಲ್ರಿ. ಆ ನೂಲಿನ ಚೀಟಿಯಾಕಿ ಹಂಗ ಆಗಬೇಕಂತ ಉಣ್ಣೂದು ಬಿಟ್ಟೇನ್ರಿ."

ಪೂಜಾರಿ ಅವ್ವನ ಮುಖ ನೋಡಿದ. ಅವ್ವ ಬೈಯುತ್ತಾಳೆಂದು ನಾನು ಹಿಂದೆ ಸರಿದೆ. ಆಕೆ ಕೇಳಿದ್ದು ಇಷ್ಟೇ: "ಹಸೀತಿತ್ತೇನ ನಿನಗ?"

"ದಿನಾ ಹಸೀತಿತ್ತವ್ವಾ."

ನಮ್ಮ ಮನೆಯಲ್ಲಿ ಈ ಕಥೆ ಇಲ್ಲಿಗೆ ಮುಗಿಯುತ್ತದೆ: ಪ್ರಸಾದ ಉಂಡಳು, ಚೀಟಿ ಒಲೆಗೆ ಹೋಯಿತು, ಹುಡುಗಿ ನೆಟ್ಟಗಾದಳು. ಒಲೆಗೆ ಹೋದದ್ದು ನನ್ನ ಕೈಯಲ್ಲಿದೆ. ಹಾಗಾದರೆ ಉಳಿದದ್ದು ನಿಜವೇ? ನನಗೆ ನೆನಪಿರುವುದು ಬೇರೆ: ಅನ್ನ ಬಾಯಲ್ಲಿಟ್ಟುಕೊಂಡು ನುಂಗದೆ ಕೂತ ಅಕ್ಕ, ಸುತ್ತ ನಿಂತು ಆಕೆಯ ಗಂಟಲನ್ನೇ ನೋಡುತ್ತಿದ್ದ ನಾವು. ಅಂದಿನಿಂದ ನಾವು ಆಕೆಯ ತಾಟು ಕಾಯುವುದು ನಿಂತಿಲ್ಲ. ಇಳಕಲ್ಲಿಗೆ ಮದುವೆಯಾಗಿ ಹೋದಳು, ಮೊಮ್ಮಕ್ಕಳನ್ನು ಕಂಡಳು. ಊಟಕ್ಕೆ ಕೂತರೆ ಇಂದಿಗೂ ಉಣ್ಣುವುದಕ್ಕಿಂತ ರೊಟ್ಟಿ ಮುರಿಯುವುದೇ ಹೆಚ್ಚು.

ಸಂಜೆ ಬಂದಳು. ಚೀಟಿ ಕೊಟ್ಟೆ. ಕಣ್ಣಿಗೆ ಹತ್ತಿರ ಹಿಡಿದು ನಕ್ಕಳು.

"ಈಕಿ ನಡಾ ಇಷ್ಟ ದಪ್ಪ ಇತ್ತೇನ?"

"ಅವ್ವ ಒಲಿಗೆ ಹಾಕಿದ್ಲಲ್ಲ?"

"ಅದು ನಿನ್ನ ಹುಲಿ ಚೀಟಿ. ಮಡಚಿ ಅವ್ವನ ಕೈಗೆ ಕೊಟ್ಟಿದ್ದೆ. ಇದನ್ನ ಖಣದಾಗ ಮುಚ್ಚಿಟ್ಟಿದ್ದೆ."

ನನ್ನ ಹುಲಿ ಎಲ್ಲಿ ಹೋಯಿತೆಂದು ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು. ರೊಟ್ಟಿ, ಎಣ್ಣೆಗಾಯಿ ಬಡಿಸಿದೆ. ಯಾವಾಗಲೂ ಎದುರಿಗೆ ಕೂಡುತ್ತಿದ್ದವಳು ಇವತ್ತು ಆಕೆಯ ಪಕ್ಕಕ್ಕೆ ಕೂತೆ. ಇಬ್ಬರೂ ಬಾಗಿಲಾಚೆಯ ಓಣಿ ನೋಡುತ್ತ, ಹೋಗುವವರನ್ನು ಆಡಿಕೊಳ್ಳುತ್ತ ಉಂಡೆವು.

ಅಕ್ಕ ಎಷ್ಟು ಉಂಡಳೋ ನನಗೆ ಗೊತ್ತಿಲ್ಲ.